ತೊಳೆದು ಕೊಟ್ಟ ತಾಟು

ಭಂಕೂರಿನ ಧೂಳಿನಲ್ಲಿ ಸಕ್ಕರೆ ಹೇಗೆ ಬಂತು ಎಂದು ಕೇಳಿ ಹೊರದೇಶದಿಂದ ಈಮೇಲ್ ಬಂದಾಗ ನಾನು ವಾಡಿ ಸ್ಟೇಷನ್ನಿನ ಹೊರಗೆ ನಿಂತು ಚಹಾ ಕುಡಿಯುತ್ತಿದ್ದೆ. ಸರಿಯಾಗಿ ಓದಿದೆನೋ ಇಲ್ಲವೋ ಎಂದು ಮತ್ತೊಮ್ಮೆ ಓದಿದೆ. ನಾವು ಕಳಿಸಿದ ಮಾದರಿಯಲ್ಲಿ ಧೂಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇದೆ, ಆದರೆ ಸಕ್ಕರೆಯ ಅಂಶ ಕಾಣುತ್ತಿದೆ, ಆ ಊರಿನ ಹತ್ತಿರ ಸಕ್ಕರೆ ಕಾರ್ಖಾನೆ ಏನಾದರೂ ಇದೆಯೇ, ದಯವಿಟ್ಟು ತಿಳಿಸಿ ಎಂದು ನಮ್ಮ ಯೋಜನೆಯ ಪರಿಸರ ವಿಭಾಗದ ಮುಖ್ಯಸ್ಥರು ಬರೆದಿದ್ದರು. ಭಂಕೂರನ್ನು ಕಣ್ಣಾರೆ ಕಂಡವರು ಯಾರಾದರೂ ಇಂಥ ಪ್ರಶ್ನೆ ಕೇಳುತ್ತಾರೆಯೇ? ಕಲ್ಲು ತೆಗೆಯುವ ಗಣಿ, ಕಲ್ಲು ಕೊಯ್ಯುವ ಶೆಡ್ಡು, ಕೊಯ್ದ ಫರಸಿ ಚಪ್ಪಡಿ ಹೇರಿಕೊಂಡು ಹೊರಟ ಲಾರಿ, ಲಾರಿಯ ಹಿಂದೆ ಏಳುವ ಬಿಳಿ ಪುಡಿ. ಅಲ್ಲಿ ಬೇವಿನ ಎಲೆ ಹಸಿರು ಕಾಣಬೇಕಾದರೆ ಮಳೆಗಾಲ ಬರಬೇಕು. ಅಂಥ ಊರಲ್ಲಿ ಇವರಿಗೆ ಧೂಳು ಸಿಗಲಿಲ್ಲವಂತೆ, ಸಕ್ಕರೆ ಸಿಕ್ಕಿತಂತೆ. ಆ ಚಹಾ ನನಗೆ ರುಚಿಸಲಿಲ್ಲ.

ನಾನು ಈ ಕೆಲಸಕ್ಕೆ ಸೇರುವ ಮುಂಚೆ ಶಹಾಬಾದಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಕನ್ನಡ, ನಮ್ಮ ಕಡೆಯ ಉರ್ದು, ಇಂಗ್ಲಿಷು ಮೂರೂ ಬಲ್ಲ, ಊರೂರು ತಿರುಗಲು ಬೇಸರಪಡದ ಹೆಂಗಸು ಬೇಕಾಗಿದ್ದಾಳೆ ಎಂದು ಯಾರೋ ಹೇಳಿದರು. ನಾನು ಹೋದೆ. ಬೇಸರಪಡದ ಎಂಬ ಒಂದು ಮಾತಿನಲ್ಲಿ ಅವರು ಮೋಸ ಹೋದರು. ಯೋಜನೆಯ ಹೆಸರು ಎಷ್ಟು ಉದ್ದವಿತ್ತೆಂದರೆ, ಬೋರ್ಡು ಬರೆಯುವವನು ಅರ್ಧ ಬರೆದು ಜಾಗ ಸಾಲದು ಎಂದು ಕೈಬಿಟ್ಟ. ನಮ್ಮ ಆಫೀಸಿನ ಬಾಗಿಲ ಮೇಲೆ ಕೊನೆಯವರೆಗೂ ಆ ಅರ್ಧ ಹೆಸರೇ ಇತ್ತು. ಸಾರಾಂಶ ಇಷ್ಟು: ಧೂಳು ಬೀಳುವ ಊರುಗಳಲ್ಲಿ ಜನರ ಉಸಿರು ಹೇಗಿದೆ, ಗಾಳಿ ಹೇಗಿದೆ, ಬದುಕು ಹೇಗಿದೆ ಎಂದು ವೈದ್ಯರು, ಪರಿಸರ ವಿಜ್ಞಾನಿಗಳು, ಸಮಾಜ ವಿಜ್ಞಾನಿಗಳು ಮೂವರೂ ಕೂಡಿ ನೋಡಬೇಕು. ಮೂರು ವಿಭಾಗ, ಮೂರು ದೇಶ, ಮೂವರು ಮುಖ್ಯಸ್ಥರು. ಕೆಳಗೆ ನಾನೊಬ್ಬಳು.

ಸೇಡಂ, ಚಿತ್ತಾಪುರ, ವಾಡಿಯಲ್ಲಿ ಒಂದೊಂದು ಓಣಿ ಆರಿಸಿದ್ದರು. ಶಹಾಬಾದಿನ ಪಕ್ಕದ ಭಂಕೂರು ಕಲ್ಲಿನ ಊರೆಂದು ಬಂತು. ಹೋಲಿಸಿ ನೋಡಲು ಧೂಳಿಲ್ಲದ ಒಂದು ಊರು ಬೇಕಲ್ಲ, ಅದಕ್ಕೆ ಚಿಂಚೋಳಿ ತಾಲೂಕಿನ ಚಿಮ್ಮನಚೋಡ.

ಕೂಡಿ ನೋಡಬೇಕು ಎಂದೆನಲ್ಲ, ಆ ಕೂಡುವುದು ಕಾಗದದಲ್ಲಿ ಮಾತ್ರ ಇತ್ತು. ವೈದ್ಯರ ತಂಡ ಒಂದು ದಿನ ಮನೆಗೆ ಹೋಗಿ, ಮನೆಯಲ್ಲಿ ಎಷ್ಟು ಮಂದಿ, ಅಡುಗೆ ಯಾವುದರ ಮೇಲೆ ಎಂದು ಕೇಳುತ್ತಿತ್ತು. ಎರಡು ದಿನ ಬಿಟ್ಟು ಪರಿಸರದವರು ಹೋಗಿ ಅದನ್ನೇ ಕೇಳುತ್ತಿದ್ದರು. ಆಮೇಲೆ ಸಮಾಜ ವಿಜ್ಞಾನದವರ ಸರದಿ. ಪ್ರಶ್ನೆ ಒಂದೇ ಆದರೂ ಪ್ರತಿ ವಿಭಾಗಕ್ಕೂ ತನ್ನ ಕಿವಿಯಿಂದಲೇ ಕೇಳಬೇಕು. ಮೂರೂ ಸಲ ಜೊತೆಗೆ ನಾನು. ವಾಡಿಯ ಒಬ್ಬ ಗೃಹಿಣಿ ಮೂರನೆಯ ಸಲ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಅಕ್ಕೋರ, ನೀವೇ ಹೋದ ಸಲ ಬರಕೊಂಡು ಹೋದ್ರಲ್ರಿ. ಅಷ್ಟರಾಗ ನಮ್ಮ ಮನಿ ಮಂದಿ ಹೆಚ್ಚಾಗ್ತಾರೇನ್ರಿ?" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಇನ್ನೊಂದು ಪ್ರಶ್ನೆ ಇತ್ತು. ನಿಮ್ಮ ಊರಿನ ಗಾಳಿಯ ಬಗ್ಗೆ ನಿಮಗಿರುವ ತೃಪ್ತಿಗೆ ಒಂದರಿಂದ ಹತ್ತರೊಳಗೆ ಅಂಕ ಕೊಡಿ. ಇದನ್ನು ಭಂಕೂರಿನಲ್ಲಿ ಕೇಳಿದಾಗ ಮುದುಕರೊಬ್ಬರು, "ಗಾಳಿಗಿ ನಂಬರ್ ಕೊಡ್ಲಿಕ್ಕ ಅದೇನ್ ಸಾಲಿ ಕಲೀಲಿಕತ್ತದೇನ್ರಿ?" ಎಂದು ಎದ್ದು ಹೋದರು. ಉತ್ತರ ಬರೆಯುವ ಜಾಗವನ್ನು ಖಾಲಿ ಬಿಡುವಂತಿರಲಿಲ್ಲ. ನಾನು ಅವರ ಹಿಂದೆಯೇ ಓಡಬೇಕಾಯಿತು.

ನಾನು ಹೇಳಹೊರಟದ್ದು ಅಲ್ಲಿಯ ಒಬ್ಬ ಹಿರಿಯ ಹೆಂಗಸಿನ ಮಾತು; ನಾನು ಆಕೆಯನ್ನು ಅವ್ವ ಎನ್ನುತ್ತಿದ್ದೆ. ಅವಳ ಮನೆ ಭಂಕೂರಿನ ಅಂಚಿನಲ್ಲಿದೆ. ಫರಸಿಯ ಗೋಡೆ, ಫರಸಿಯದೇ ಮಾಳಿಗೆ, ಅಂಗಳಕ್ಕೂ ಫರಸಿ. ಹಣೆ ತುಂಬ ವಿಭೂತಿ ಹಚ್ಚಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತರೆ ದೊಡ್ಡ ಮನೆತನದ ಹಿರಿಯಳಂತೆ ಕಾಣುತ್ತಾಳೆ. ಆದರೆ ಅರ್ಧ ಆಯುಷ್ಯ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ದುಡಿದವಳು. ಪುಡಿ ಏಳದಂತೆ ಗರಗಸದ ಚಕ್ರದ ಮೇಲೆ ನೀರು ಬಿಡುವುದು, ಕೊಯ್ದ ಫರಸಿಯ ಅಂಚು ತಿಕ್ಕುವುದು, ಒಣಗಿದ ಕಲ್ಲಿನ ಪುಡಿ ಬಳಿಯುವುದು. ಈಚೆಗೆ ನಾಲ್ಕು ಹೆಜ್ಜೆ ಇಟ್ಟರೆ ದಮ್ಮು ಹತ್ತುತ್ತಿತ್ತು, ಅದಕ್ಕೇ ಬಿಟ್ಟಿದ್ದಳು. ದವಾಖಾನೆಯಲ್ಲಿ ಕಫ ನೋಡಿ ಕ್ಷಯ ಇಲ್ಲ ಎಂದಿದ್ದರು, ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟಿದ್ದರು. ಬಾಟಲಿ ಮುಗಿಯಿತು, ದಮ್ಮು ಮುಗಿಯಲಿಲ್ಲ.

ವೈದ್ಯರ ತಂಡ ಊದುವ ಯಂತ್ರ ತಂದ ದಿನ ಅವ್ವ ಹೊಸ ಸೀರೆ ಉಟ್ಟು ಕೂತಿದ್ದಳು. ಕೊಳವೆಯನ್ನು ಬಾಯಲ್ಲಿಟ್ಟು ಊದಬೇಕು, ಎದೆಯಲ್ಲಿರುವ ಗಾಳಿಯೆಲ್ಲ ಹೊರಗೆ ಬರಬೇಕು. "ಊದ್ರಿ, ಊದ್ರಿ, ಇನ್ನಾ ಊದ್ರಿ" ಎಂದು ನಾನು ಪಕ್ಕದಲ್ಲಿ ಕೂತು ಕೂಗುತ್ತಿದ್ದೆ. ಅವಳು ಊದಿದಳು, ಕೆಮ್ಮಿದಳು, ಕಣ್ಣೊರೆಸಿಕೊಂಡು ಮತ್ತೆ ಊದಿದಳು. ಯಂತ್ರದ ಪರದೆಯ ಮೇಲೆ ಗೆರೆಯೊಂದು ಎದ್ದು ಬಿತ್ತು. ಅವಳಿಗೂ ಕಂಡಿತು, ನನಗೂ ಕಂಡಿತು, ಅರ್ಥವಾದದ್ದು ಡಾಕ್ಟರರಿಗೆ ಮಾತ್ರ. ಅವರು ಪರದೆ ಮುಚ್ಚಿದರು.

"ಏನ್ ಬಂತ್ರಿ?" ಎಂದಳು ಅವ್ವ.

ಈಗ ಹೇಳುವಂತಿಲ್ಲ, ಎಲ್ಲ ಮನೆಗಳ ಲೆಕ್ಕ ಮುಗಿದ ಮೇಲೆ ಎಂದರು ಡಾಕ್ಟರು. ನಾನು ಕನ್ನಡದಲ್ಲಿ ಹೇಳಿದೆ. ಅವ್ವ ನನ್ನ ಮುಖವನ್ನೇ ನೋಡಿದಳು. "ಊದಿದ್ದು ನಾ ಅಲ್ಲೇನ್ರಿ ಅಕ್ಕೋರ? ನನ್ನ ಉಸುರು ನನಗ ಹೇಳ್ಲಿಕ್ಕ ಊರ ಮಂದಿದೆಲ್ಲ ಯಾಕ ಆಗಬೇಕು?"

ಅವಳಿಗೆ ಸುಮ್ಮನೆ ತಿಳಿದುಕೊಳ್ಳುವ ಆಸೆಯಲ್ಲ ಎಂಬುದು ಆ ಸಂಜೆಯೇ ಗೊತ್ತಾಯಿತು. ಅವಳ ಸೊಸೆ ಚಹಾ ತಂದುಕೊಟ್ಟು ಒಳಗೆ ಹೋದ ಮೇಲೆ ಅವ್ವ ದನಿ ತಗ್ಗಿಸಿ ಹೇಳಿದಳು. ತನ್ನ ಜಾಗಕ್ಕೆ ಸೊಸೆಯನ್ನು ಕಳಿಸು ಎಂದು ಶೆಡ್ಡಿನವರು ಹೇಳಿಕಳಿಸಿದ್ದಾರೆ. ಸೊಸೆಗೂ ಹೋಗುವ ಮನಸ್ಸಿದೆ, ಮಗನದೂ ಒಪ್ಪಿಗೆ ಇದೆ. ಅವ್ವನೇ ತಡೆದಿದ್ದಾಳೆ. "ನನ್ನ ದಮ್ಮು ಕಲ್ಲಿನ ಪುಡಿಯಿಂದ ಹೋಗ್ಯಾದೋ, ವಯಸ್ಸಿಗಿ ಹೋಗ್ಯಾದೋ, ಅಷ್ಟು ಹೇಳ್ರಿ ಸಾಕು. ಪುಡಿಯಿಂದ ಅಂದ್ರ ಆಕಿನ್ನ ಕಳಸಂಗಿಲ್ಲ. ವಯಸ್ಸಿಗಿ ಅಂದ್ರ ಹೋಗ್ಲಿ. ನಿಮ್ಮ ಮಷೀನ್ ಹೇಳೂತನ ನಾ ಯಾರ ಮಾತೂ ಕೇಳಂಗಿಲ್ಲ."

ಕಲಬುರಗಿಗೆ ಹೋಗಿ ಬೇರೆ ಕಡೆ ತೋರಿಸೋಣ ಎಂದೆ. ಅವಳು ಒಪ್ಪಲಿಲ್ಲ. ಒಮ್ಮೆ ಎದೆ ಕಿತ್ತು ಬರುವಂತೆ ಊದಿದ್ದಾಗಿದೆ, ಉತ್ತರ ನಿಮ್ಮ ಹತ್ತಿರವೇ ಇದೆ, ಇಟ್ಟುಕೊಂಡು ಕೂತಿದ್ದೀರಿ, ನಾನ್ಯಾಕೆ ಇನ್ನೊಬ್ಬರ ಮುಂದೆ ಊದಲಿ ಎಂದಳು. ತಪ್ಪೇನು ಅದರಲ್ಲಿ?

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ನಾನು ಆ ಮನೆಗೆ ಹೋಗುತ್ತಿದ್ದೆ. ಹೋಗುತ್ತಿದ್ದದ್ದು ತಾಟಿಗಾಗಿ. ಅಂಚು ಎತ್ತರವಿರುವ ಅಗಲವಾದ ಸ್ಟೀಲಿನ ಪಾತ್ರೆ ಅದು. ಪರಿಸರದವರು ಅದಕ್ಕೆ ಏನೋ ದೊಡ್ಡ ಹೆಸರು ಇಟ್ಟಿದ್ದರು, ಊರವರು ಧೂಳಿನ ತಾಟು ಅಂದರು, ನಮಗೂ ಅದೇ ರೂಢಿಯಾಯಿತು. ಆರಿಸಿದ ಮನೆಗಳ ಮಾಳಿಗೆಯ ಮೇಲೆ ಒಂದು ಸ್ಟ್ಯಾಂಡಿನಲ್ಲಿ ಅದನ್ನು ತೆರೆದಿಡಬೇಕು. ತಿಂಗಳು ಪೂರ್ತಿ ಬಿದ್ದ ಧೂಳಿನ ಸಮೇತ ಅದಕ್ಕೆ ಮುಚ್ಚಳ ಹಾಕಿ, ಮೊಹರು ಮಾಡಿ, ಪ್ರಯೋಗಾಲಯಕ್ಕೆ ಕಳಿಸಿ, ಅದರ ಜಾಗದಲ್ಲಿ ಇನ್ನೊಂದನ್ನು ಇಡಬೇಕು.

ಮೇಲೆ ಹತ್ತಿ ಮುಚ್ಚಳ ಹಾಕುವವರು ಯಾರು? ಇದರ ಬಗ್ಗೆ ಶುರುವಿನಲ್ಲಿ ಒಂದು ಇಡೀ ಸಂಜೆ ವಿಡಿಯೋ ಮೀಟಿಂಗ್ ನಡೆದಿತ್ತು. ಪರಿಸರದವರು, ನಮ್ಮ ಸಿಬ್ಬಂದಿಯೇ ಹತ್ತಬೇಕು ಎಂದರು. ಸಮಾಜ ವಿಜ್ಞಾನದ ಮುಖ್ಯಸ್ಥೆ ಒಪ್ಪಲಿಲ್ಲ. ಮಾಳಿಗೆಯ ಮೇಲೆ ಹೊರಗಿನವರು ಹತ್ತಿದರೆ ಅಕ್ಕಪಕ್ಕದ ಅಂಗಳಗಳೆಲ್ಲ ಕಾಣುತ್ತವೆ, ಅದು ಮನೆಯವರ ಖಾಸಗಿತನಕ್ಕೆ ಧಕ್ಕೆ, ಅವರೇ ಮುಚ್ಚಳ ಹಾಕಿ ಕೆಳಗೆ ತಂದುಕೊಡಲಿ, ಸಂಶೋಧನೆಯಲ್ಲಿ ತಾವೂ ಪಾಲುದಾರರು ಎಂಬ ಭಾವನೆ ಅವರಿಗೂ ಬರುತ್ತದೆ ಎಂದರು. ವೈದ್ಯರು ಮ್ಯೂಟ್ ಮಾಡಿಕೊಂಡು ಕೂತಿದ್ದರು. ಕೊನೆಗೆ ಪಾಲುದಾರಿಕೆಯೇ ಗೆದ್ದಿತು. ಮಾಳಿಗೆಗೆ ಹತ್ತುವ ಕಷ್ಟ ತಪ್ಪಿತೆಂದು ನನಗೂ ಖುಷಿಯೇ ಆಗಿತ್ತು.

ಹೀಗಾಗಿ ತಿಂಗಳಿಗೊಮ್ಮೆ ನಾನು ಅವ್ವನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು, ಸೊಸೆ ಮುಚ್ಚಿದ ತಾಟು ತಂದು ಎರಡೂ ಕೈಯಿಂದ ಕೊಡುವುದು, ನಾನು ಅದಕ್ಕೆ ಮೊಹರು ಮಾಡುವುದು ನಡೆಯುತ್ತಿತ್ತು. ಸೊಸೆ ಚುರುಕಾದ ಹುಡುಗಿ, ನಗುಮುಖ, ಸೇಡಂ ಕಡೆಯವಳು, ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ನಾನು ಎದ್ದು ಹೊರಡುವಾಗ ಅವ್ವ ಕೇಳುತ್ತಿದ್ದಳು, "ನನ್ನ ಉಸುರು ಬಂತೇನ್ರಿ ಅಕ್ಕೋರ?" ಯಾವುದೋ ಪಾರ್ಸೆಲ್ ಬರಬೇಕಾಗಿದೆ ಎಂಬಂತೆ ಕೇಳುತ್ತಿದ್ದಳು. ಇಲ್ಲವ್ವಾ ಎನ್ನುತ್ತಿದ್ದೆ. ಆಫೀಸಿಗೆ ಬಂದು ಈಮೇಲ್ ಕಳಿಸುತ್ತಿದ್ದೆ. ವಿಶ್ಲೇಷಣೆ ಮುಗಿಯುವ ತನಕ ವ್ಯಕ್ತಿಗತ ಫಲಿತಾಂಶ ಕೊಡುವಂತಿಲ್ಲ, ನಿಮ್ಮ ಕಾಳಜಿಗೆ ಧನ್ಯವಾದ ಎಂದು ಉತ್ತರ ಬರುತ್ತಿತ್ತು. ಪ್ರತಿ ಸಲವೂ ಧನ್ಯವಾದ. ನನ್ನಷ್ಟು ಧನ್ಯವಾದ ಪಡೆದು ಏನನ್ನೂ ಪಡೆಯದವರು ಈ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ.

ಸಕ್ಕರೆಯ ಈಮೇಲ್ ಬಂದದ್ದು ಆಗ. ಭಂಕೂರಿನಲ್ಲಿ ಸಕ್ಕರೆ ಕಾರ್ಖಾನೆ ಇಲ್ಲ, ದಯವಿಟ್ಟು ನಿಮ್ಮ ಪ್ರಯೋಗಾಲಯದಲ್ಲಿ ಯಾರು ಚಹಾ ಕುಡಿಯುತ್ತಾರೆ ವಿಚಾರಿಸಿ ಎಂದು ಬರೆದೆ. ಕೊನೆಯ ವಾಕ್ಯ ಅಳಿಸಿ ಕಳಿಸಿದೆ.

ಕೆಲವು ದಿನಗಳ ಮೇಲೆ ಮತ್ತೊಂದು ವಿಡಿಯೋ ಮೀಟಿಂಗ್. ಶಹಾಬಾದಿನಲ್ಲಿ ಕರೆಂಟು ಹೋಗಿ ನಾನು ಮೊಬೈಲಿನಲ್ಲೇ ಕೂತಿದ್ದೆ. ಪರಿಸರದವರು ಗ್ರಾಫಿನ ಚಿತ್ರ ತೋರಿಸಿದರು. ಊರೂರಿನ ಧೂಳಿನ ಕಂಬಗಳು. ಎಲ್ಲಕ್ಕಿಂತ ಗಿಡ್ಡ ಕಂಬ ಭಂಕೂರಿನದು. ಎಲ್ಲಕ್ಕಿಂತ ಎತ್ತರದ್ದು ಚಿಮ್ಮನಚೋಡದ್ದು. ನಾನು ಕಣ್ಣುಜ್ಜಿಕೊಂಡೆ. ಚಿಮ್ಮನಚೋಡದ ತಾಟಿನ ಕಥೆ ನನಗೆ ಗೊತ್ತಿತ್ತು. ತಾಟು ಇಟ್ಟಿದ್ದ ಮನೆಯವರು ಸುಗ್ಗಿಯಲ್ಲಿ ಹೊಲದಲ್ಲೇ ಬೀಡುಬಿಟ್ಟಿದ್ದರು. ಪಕ್ಕದ ಕಣದಲ್ಲಿ ತೊಗರಿ ರಾಶಿಯ ಮಷೀನು ವಾರಗಟ್ಟಲೆ ಹೊಟ್ಟು ಉಗುಳಿತ್ತು. ನಾನು ಹೋದಾಗ ಮನೆಯಲ್ಲಿದ್ದ ಅಜ್ಜಿ ಅವಸರದಲ್ಲಿ, ಇದ್ದದ್ದು ಇದ್ದಂತೆ ಮುಚ್ಚಳ ಹಾಕಿ ತಂದು ಕೊಟ್ಟಿದ್ದಳು. ಚಿತ್ರ ಹೇಳುವುದನ್ನು ನಂಬಿದರೆ, ಚಿಮ್ಮನಚೋಡದ ಜನ ಒಳ್ಳೆಯ ಗಾಳಿಗಾಗಿ ಭಂಕೂರಿನ ಗಣಿಯ ಬಾಯಿಗೆ ಬಂದು ವಾಸ ಮಾಡಬೇಕು. ಇದನ್ನು ನಾನು ಬಾಯಿಬಿಟ್ಟು ಹೇಳಿದೆ ಕೂಡ. ನನ್ನ ದನಿ ತುಂಡುತುಂಡಾಗಿ ಕೇಳುತ್ತಿದೆ ಎಂದರು.

ಆಮೇಲೆ ವೈದ್ಯರ ಮುಖ್ಯಸ್ಥೆ ಮಾತಾಡಿದರು. ಭಂಕೂರಿನ ಒಂದು ಮನೆ ಲೆಕ್ಕಕ್ಕೆ ಹೊಂದುತ್ತಿಲ್ಲ. ಅಲ್ಲಿ ಧೂಳು ಇಲ್ಲ, ಆದರೆ ಮನೆಯ ಹಿರಿಯ ಹೆಂಗಸಿನ ಉಸಿರಾಟ ಬಹಳ ಕೆಟ್ಟಿದೆ, ಶ್ವಾಸಕೋಶ ಗಟ್ಟಿಯಾಗಿ ಕುಗ್ಗಿದ ಲಕ್ಷಣ ಇದೆ, ಕಲ್ಲಿನ ಪುಡಿಯಲ್ಲಿ ದುಡಿದವರಲ್ಲಿ ಕಾಣುವಂಥದ್ದು. ಎರಡು ಮಾಹಿತಿ ಒಂದಕ್ಕೊಂದು ತಾಳೆಯಾಗದ ಕಾರಣ ಆ ಮನೆಯನ್ನು ಅಧ್ಯಯನದಿಂದ ಕೈಬಿಡೋಣ ಎಂದರು. ಉಳಿದವರು ತಲೆಯಾಡಿಸಿದರು. ಪರದೆಯ ಮೇಲೆ ಮನೆಯ ಸಂಖ್ಯೆ ಇತ್ತು. ಆ ಸಂಖ್ಯೆಯನ್ನು ಆ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದವಳು ನಾನೇ.

ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ವರ್ಷ ಅವ್ವ ಕೇಳಿದ್ದ ಉತ್ತರ ಇವರು ಒಂದು ವಾಕ್ಯದಲ್ಲಿ ಹೇಳಿದರು, ಹೇಳಿ ಅವಳನ್ನೇ ತೆಗೆದು ಹಾಕಿದರು. ಲೆಕ್ಕದಿಂದ ಬೇಕಾದರೆ ತೆಗೆಯಿರಿ, ಆದರೆ ಅವಳಿಗೆ ಹೇಳಿ, ಅವಳ ಸೊಸೆ ಅದೇ ಕೆಲಸಕ್ಕೆ ಹೋಗುವವಳಿದ್ದಾಳೆ ಎಂದೆ. ವೈದ್ಯರ ಮುಖ್ಯಸ್ಥೆ ಕೆಟ್ಟವರಲ್ಲ. ಅವರ ಮುಖ ಬಾಡಿತು. ಆದರೆ ನೀತಿ ಸಮಿತಿಯ ಅನುಮತಿ ಬೇಕು ಎಂದರು. ಸಮಿತಿ ಒಂದಲ್ಲ, ದೇಶಕ್ಕೊಂದು. ಮೊದಲ ಸಮಿತಿ ಎರಡನೆಯದರ ಅಭಿಪ್ರಾಯ ಕೇಳಿತು. ಎರಡನೆಯದು ಮೂರನೆಯದರ ದಾರಿ ಕಾಯಿತು. ಮೂರನೆಯದರ ಅಧ್ಯಕ್ಷರು ರಜೆಯಲ್ಲಿದ್ದರು. ಜನರಿಗೆ ಕೇಡಾಗದಿರಲಿ ಎಂದು ಕೂರಿಸಿದ ಸಮಿತಿಗಳು ಇವು.

ಅಷ್ಟರಲ್ಲಿ ಮೂವರು ಮುಖ್ಯಸ್ಥರೂ ಊರುಗಳನ್ನು ನೋಡಲು ತಾವೇ ಬರುತ್ತೇವೆಂದು ತಿಳಿಸಿದರು. ಅವರು ಬಂದಾಗ ಎದುರಿಗೇ ಕೂತು ಅನುಮತಿ ಹೇಳಿಸಿಕೊಳ್ಳುತ್ತೇನೆ, ಅವ್ವನ ಅಂಗಳದಲ್ಲೇ ಹೇಳಿಸುತ್ತೇನೆ ಎಂದು ನಾನು ಹಟಕ್ಕೆ ಬಿದ್ದೆ. ಭಂಕೂರಿಗೆ ಹೋಗುವ ದಿನವನ್ನು ತಾಟು ಬದಲಿಸುವ ದಿನವೇ ಇಟ್ಟುಕೊಂಡೆ. ಹೊರದೇಶದವರು ಬರುತ್ತಾರೆ ಎಂದು ಅವ್ವನಿಗೆ ಮೊದಲೇ ಹೇಳಿಕಳಿಸಿದ್ದೆ.

ನಾವು ಹೋದಾಗ ಅಂಗಳಕ್ಕೆ ನೀರು ಹಾಕಿ ಗುಡಿಸಿದ್ದರು. ಫರಸಿ ಇನ್ನೂ ಹಸಿಯಾಗಿತ್ತು. ರಂಗೋಲಿ ಇತ್ತು, ಚಾಪೆ ಹಾಸಿತ್ತು. ಅವ್ವ ಎದ್ದು ನಿಂತು ಕೈ ಮುಗಿದಳು. "ಬರ್ರಿ, ಬರ್ರಿ, ಕುಂದರ್ರಿ. ಭಾಳ ದೂರದಿಂದ ಬಂದೀರಿ." ಇಷ್ಟಕ್ಕೇ ಏದುಸಿರು ಬಂದು ಗೋಡೆ ಹಿಡಿದು ಕೂತಳು. ವೈದ್ಯರ ಮುಖ್ಯಸ್ಥೆ ಅವಳ ಎದೆ ಏರಿಳಿಯುವುದನ್ನು ನೋಡುತ್ತಿದ್ದುದನ್ನು ನಾನು ಕಂಡೆ. ಸೊಸೆ ಕಾಣಲಿಲ್ಲ. ನೀರು ತರಲು ನಳಕ್ಕೆ ಹೋಗಿರಬೇಕು ಎಂದುಕೊಂಡೆ.

ಪರಿಸರದವರಿಗೆ ತಾಟಿನದೇ ಚಿಂತೆ. ಎಲ್ಲಿ, ನೋಡೋಣ ಎಂದರು. ಅವ್ವ ಒಳಗಿನಿಂದ ಮುಚ್ಚಿದ ತಾಟು ತಂದು, ಸೊಸೆಯಂತೆಯೇ ಎರಡೂ ಕೈಯಿಂದ ಕೊಟ್ಟಳು. ಮೊಹರು ಮಾಡುವ ಮುಂಚೆ ಒಮ್ಮೆ ತೆರೆಯಿರಿ ಎಂದು ಅವರು ನನಗೆ ಹೇಳಿದರು. ಇದುವರೆಗೆ ತೆರೆದವಳಲ್ಲ ನಾನು. ತೆರೆದರೆ ಮಾದರಿ ಕೆಡುತ್ತದೆ ಎಂದು ಅವರದೇ ನಿಯಮ. ಈಗ ಅವರದೇ ಅಪ್ಪಣೆ. ತೆರೆದೆ.

ತಾಟು ಬಿಸಿಲಿಗೆ ಕನ್ನಡಿಯಂತೆ ಹೊಳೆಯಿತು. ನಟ್ಟನಡುವೆ ಒಂದು ಹಿಡಿ ಸಕ್ಕರೆ.

ಒಂದು ಇರುವೆ ಅಂಚು ಹತ್ತಿ ಒಳಗೆ ಇಳಿಯಿತು.

"ಹೊರದೇಶದ ಮಂದಿ ಬರ್ತಾರಂತ ಈ ಸಲ ಜರಾ ಹೆಚ್ಚಿಗಿ ಇಟ್ಟೀವ್ರಿ" ಎಂದಳು ಅವ್ವ. "ಬ್ಯಾರೆ ಸಲ ಒಂದು ಚಿಮಟಿ ಇಡ್ತೀವಿ."

ನಾನು ಹಣೆ ಹಣೆ ಬಡಿದುಕೊಂಡೆ. ನಮ್ಮ ಮನೆಯಲ್ಲೂ ಇದೇ ರೀತಿ. ಪಕ್ಕದ ಮನೆಯ ಪಾತ್ರೆ ನಮ್ಮಲ್ಲಿಗೆ ಬಂದರೆ ಅದನ್ನು ಹೊಲಸಾಗಿ ತಿರುಗಿ ಕೊಡುವುದುಂಟೇ? ಖಾಲಿಯಾಗಿ ಕೊಡುವುದೂ ಇಲ್ಲ. ನಮ್ಮಮ್ಮ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಒಂದು ಚೂರು ಬೆಲ್ಲ ಹಾಕಿಯೇ ಕೊಡುತ್ತಿದ್ದಳು. ಇದು ಯಾರೂ ಕಲಿಸುವ ಮಾತಲ್ಲ, ಎಲ್ಲರೂ ಮಾಡುವುದು. ನಾವು ಇವರ ಮನೆಗೆ ಒಂದು ತಾಟು ಕೊಟ್ಟಿದ್ದೆವು. ತಿಂಗಳು ಪೂರ್ತಿ ಮಾಳಿಗೆಯ ಮೇಲಿದ್ದು ಅದು ಬಿಳಿ ಪುಡಿ ಮೆತ್ತಿಕೊಂಡಿರುತ್ತಿತ್ತು. ಮಂದಿಯ ತಾಟನ್ನು ಹಾಗೇ ಕೊಡಲು ಇವರಿಗೇನು ಮರ್ಯಾದೆ ಇಲ್ಲವೇ? ತೊಳೆಯಬೇಡಿ ಎಂದು ನಾವು ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಮೂರು ದೇಶಗಳ ಯಾರ ತಲೆಗೂ, ಇಲ್ಲೇ ಹುಟ್ಟಿ ಬೆಳೆದ ನನ್ನ ತಲೆಗೂ ಹೊಳೆದಿರಲಿಲ್ಲ.

"ಪ್ರತಿ ಸಲ ತೊಳದು ಕೊಟ್ಟೀರೇನವ್ವಾ?"

"ಮತ್ತ? ಸೊಸಿ ಬೂದಿ ಹಚ್ಚಿ ತಿಕ್ಕಿ ತೊಳೀತಾಳ್ರಿ. ಗಟ್ಟಿ ಹಿಡಕೊಂಡಿರ್ತದ ಆ ಪುಡಿ, ಸುಮ್ಮ ಹೋಗಂಗಿಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕುತ್ತಿದ್ದಳು, ಅವಳನ್ನೂ ಕೇಳಿದೆ. ಅವರ ಮನೆಯಲ್ಲೂ ತೊಳೆದೇ ಕೊಟ್ಟಿದ್ದರು. ಊರ ತುಂಬ ತೊಳೆದೇ ಕೊಟ್ಟಿದ್ದರು.

ಆಗ ಈ ಮೂವರ ಮುಖ ನೋಡಬೇಕಿತ್ತು. ಪರಿಸರದವರು ತಲೆ ಹಿಡಿದುಕೊಂಡು, ಭಂಕೂರಿನ ಒಂದು ವರ್ಷದ ಮಾಹಿತಿ ಹೊಳೆಗೆ ಹೋಯಿತು ಎಂದರು. ಸಮಾಜ ವಿಜ್ಞಾನದ ಮುಖ್ಯಸ್ಥೆಯ ಕಣ್ಣು ಹೊಳೆಯತೊಡಗಿತು. ಇದು ಅದ್ಭುತ, ಇದರ ಮೇಲೆಯೇ ಒಂದು ಪ್ರಬಂಧ ಬರೆಯಬಹುದು ಎಂದು ರೆಕಾರ್ಡರ್ ತೆಗೆದರು. ವೈದ್ಯರ ಮುಖ್ಯಸ್ಥೆ ಉಸಿರುಬಿಟ್ಟು, ಹಾಗಾದರೆ ಈ ಮನೆಯ ಮಾಹಿತಿಯಲ್ಲಿ ವಿರೋಧವೇ ಇಲ್ಲ, ಮತ್ತೆ ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದು ಎಂದರು. ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಆ ಒಂದು ವರ್ಷದಲ್ಲಿ ಮೂರು ವಿಭಾಗಗಳೂ ಕೂಡಿ ಒಂದೇ ವಿಷಯ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ವಿಷಯ ತಾಟು.

ಅವ್ವ ನನ್ನ ಸೆರಗು ಜಗ್ಗಿದಳು. "ಏನ್ ಮಾತಾಡ್ಲಿಕತ್ತಾರ್ರಿ ಅಕ್ಕೋರ? ನನ್ನ ಉಸುರಿಂದೇನ್ರಿ?"

ಅದೇ ಹೊತ್ತಿಗೆ ಸಮಾಜ ವಿಜ್ಞಾನದವರು ರೆಕಾರ್ಡರನ್ನು ಅವ್ವನ ಮುಂದೆ ಹಿಡಿದು, ಸ್ವಚ್ಛತೆ ಎಂದರೆ ಆಕೆಗೆ ಏನು ಎಂದು ಕೇಳಿ ಎಂದು ನನಗೆ ಹೇಳಿದರು. ಸಾಕಾಗಿಹೋಗಿತ್ತು ನನಗೆ. ಅನುವಾದ ಮಾಡಿ ಮಾಡಿ ಬೇಸತ್ತ ನಾಲಗೆ ಅದು. ನಾನು ಆ ಪ್ರಶ್ನೆಯನ್ನು ಕನ್ನಡಕ್ಕೆ ತರಲಿಲ್ಲ. ಅವ್ವನ ಎದುರು ಕೂತೆ.

"ಅವ್ವಾ, ನಿನ್ನ ಉಸುರು ಬಂದದ. ದಮ್ಮು ವಯಸ್ಸಿಗಿ ಹೋಗಿಲ್ಲ. ಕಲ್ಲಿನ ಪುಡಿಗೇ ಹೋಗ್ಯಾದ. ಎದಿ ಗಟ್ಟಿಯಾಗಿ ಕುಗ್ಗ್ಯಾದಂತ. ನಾಳಿಗೇ ಕಲಬುರಗಿಗಿ ಹೋಗೋಣ, ನಾ ಕರಕೊಂಡು ಹೋಗ್ತೀನಿ. ಸೊಸಿನ್ನ ಮಾತ್ರ ಆ ಕೆಲಸಕ್ಕ ಕಳಸಬ್ಯಾಡ."

ಅವಳು ಅಳಲಿಲ್ಲ. ತಲೆಯಾಡಿಸಿದಳು. ವೈದ್ಯರ ಮುಖ್ಯಸ್ಥೆಗೆ ಭಾಷೆ ಬಾರದಿದ್ದರೂ ವಿಷಯ ತಿಳಿದಿತ್ತು. ಅನುಮತಿ ಇನ್ನೂ ಬಂದಿಲ್ಲವಲ್ಲ ಎಂದು ಮೆಲ್ಲಗೆ ಹೇಳಿದರು. ಬರಲಿ, ಬಂದ ದಿನ ಮತ್ತೊಮ್ಮೆ ಹೇಳುತ್ತೇನೆ ಎಂದೆ.

"ಛಲೋ ಆತು, ಹೇಳಿದ್ರಿ" ಎಂದಳು ಅವ್ವ. "ಸಂಜಿಗಿ ಬಂದ ಮ್ಯಾಲ ಆಕಿಗಿ ಹೇಳ್ತೀನಿ."

"ಸಂಜಿಗಿ ಎಲ್ಲಿಂದ ಬರ್ತಾಳ?"

"ಶೆಡ್ಡಿಂದ್ರಿ. ಹೋದ ಸಲ ನೀವು ಬಂದು ಹೋದ ಮ್ಯಾಲಿಂದ ಹೋಗ್ಲಿಕತ್ತಾಳಲ್ಲ. ಎಷ್ಟಂತ ತಡೀಲ್ರಿ ನಾ? ಮಷೀನಿನ್ಯಾಗ ಕೆಟ್ಟ ಬಂದಿದ್ರ ಇಷ್ಟು ದಿನ ಹೇಳದ ಇರ್ತಿದ್ರೇನು, ಹೇಳಿಲ್ಲ ಅಂದ್ರ ಏನೂ ಇಲ್ಲ ಅಂತ ಮನ್ಯಾಗ ಎಲ್ಲಾರೂ ಅಂದ್ರು. ನನಗೂ ಹಂಗೇ ಅನಸ್ತು."

ನಮ್ಮ ಮೌನವನ್ನೇ ಅವರು ಉತ್ತರ ಎಂದುಕೊಂಡಿದ್ದರು. ನನಗೆ ಕಿರುಚಬೇಕೆನಿಸಿತು. ಯಾರ ಮೇಲೆ ಕಿರುಚಲಿ? ಸಮಿತಿಯ ಅಧ್ಯಕ್ಷರು ಯಾವುದೋ ಸಮುದ್ರದ ದಂಡೆಯಲ್ಲಿದ್ದರು. ನಾನು ಎದ್ದೆ. "ನಡಿ ಅವ್ವಾ, ಸಂಜಿ ತನ ಕಾಯೋದು ಬ್ಯಾಡ" ಎಂದು ಕೈ ಕೊಟ್ಟೆ. ಅವರು ಮೂವರೂ ತಾಟಿನ ಫೋಟೋ ತೆಗೆಯುತ್ತಿದ್ದರು.

ಶೆಡ್ಡು ದೂರವಿರಲಿಲ್ಲ, ಆದರೂ ಅವ್ವ ನಡುನಡುವೆ ನಿಲ್ಲಬೇಕಾಯಿತು. ಗರಗಸದ ಕಿವಿಗಡಚಿಕ್ಕುವ ಸದ್ದು ಓಣಿಯ ತಿರುವಿನಿಂದಲೇ ಕೇಳುತ್ತಿತ್ತು. ಒಳಗೆ ನಲ್ಲಿಯಲ್ಲಿ ನೀರಿರಲಿಲ್ಲ, ಒಣಗಲ್ಲನ್ನೇ ಕೊಯ್ಯುತ್ತಿದ್ದರು, ಬಿಳಿ ಹೊಗೆಯಂತೆ ಪುಡಿ ಏಳುತ್ತಿತ್ತು. ಸೊಸೆ ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ಫರಸಿಯೊಂದರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ರೆಪ್ಪೆ ಬೆಳ್ಳಗಾಗಿತ್ತು. ನಮ್ಮನ್ನು ಕಂಡು ಸೆರಗು ಕೆಳಗೆಳೆದು ನಕ್ಕಳು.

"ಬಂದ್ರೇನ್ರಿ ಅಕ್ಕೋರ ಅವರೆಲ್ಲಾ?" ಎಂದು ಸದ್ದಿನ ಮೇಲೆ ಕೂಗಿದಳು. "ಮುಂಜಾನಿ ಬರೂ ಮುಂದ ತಾಟು ಭಾಳ ತಿಕ್ಕೀನ್ರಿ. ಛಂದ ಕಂಡಿತಿಲ್ಲೋ?"

"ಭಾಳ ಛಂದ ಕಂಡಿತವ್ವಾ" ಎಂದೆ.

"ನಡಿ ಮನಿಗಿ" ಎಂದಳು ಅವ್ವ.

"ಇದೊಂದು ಫರಸಿ ಅದ ಅತ್ತಿ. ಮುಗಸಿ ಬರ್ತೀನಿ." ಸೊಸೆ ಮತ್ತೆ ಸೆರಗನ್ನು ಮೂಗಿಗೆ ಏರಿಸಿಕೊಂಡಳು.

ಅವ್ವ ಅವಳ ಜೊತೆ ವಾದ ಮಾಡಲಿಲ್ಲ. ಆ ಶೆಡ್ಡಿನಲ್ಲಿ ಯಾವುದು ಎಲ್ಲಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೋಡೆ ಹಿಡಿದುಕೊಂಡು ಮೂಲೆಗೆ ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು. ಗರಗಸ ಗುರ್ ಎನ್ನುತ್ತಾ ನಿಂತಿತು. ಕೆಲಸಗಾರರೆಲ್ಲ ತಿರುಗಿ ನೋಡಿದರು. ಅಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ಹೋದ ಮೇಲೆ ಅಲ್ಲಿ ಒಂದೇ ಸದ್ದು ಉಳಿದಿತ್ತು. ಅವ್ವ ಸ್ವಿಚ್ಚಿನ ಮೇಲೆ ಕೈಯಿಟ್ಟು ಉಸಿರೆಳೆಯುತ್ತಿದ್ದಳು, ಸಿಳ್ಳೆಯಂಥ ಆ ಸದ್ದು ಆಚೆ ಬಾಗಿಲಲ್ಲಿ ನಿಂತವರಿಗೂ ಕೇಳಿಸುತ್ತಿತ್ತು.

ಸೊಸೆ ಫರಸಿ ಬಿಟ್ಟು ಎದ್ದು ಬಂದಳು.